ನೀಲಾಂಬಿಕಾಳ ಟೊಪ್ಪಿಗೆ

ಕೂತು ಕೊರಗುವವರಿಗೆ ಕುಡಿಕೆ ಬೈಗುಳ ಸಾಲದು. ಗಾದೆ ಸೊಟ್ಟಗಿರಬಹುದು, ಕಥೆ ಮಾತ್ರ ನಿಜ.

ನಮ್ಮ ಧಾರವಾಡದ ನಾಟಕ ತಂಡದಲ್ಲಿ ಪಾತ್ರ ಬೇಕೆಂದವರು ಮಾತಾಡುವ ಟೊಪ್ಪಿಗೆಯೊಂದನ್ನು ಹಾಕಿಕೊಂಡು ಸುಮ್ಮನೆ ಕೂರಬೇಕು. ಆಗ ಅವರು ತಮ್ಮ ಬಗ್ಗೆ ಮನಸ್ಸಿನಲ್ಲೇ ಗೊಣಗಿಕೊಳ್ಳುವುದನ್ನು ಟೊಪ್ಪಿಗೆ ಅವರದೇ ದನಿಯಲ್ಲಿ ಗಟ್ಟಿಯಾಗಿ ಹೇಳುತ್ತದೆ; ಅದನ್ನು ಕೇಳಿಯೇ ಪಾತ್ರ ಹಂಚುತ್ತಾರೆ. ನೀಲಾಂಬಿಕಾ ಹಾಕಿಕೊಂಡರೆ ಅದು ಪ್ರತಿವರ್ಷ "ನನ್ನ ಕೈಲೆ ಆಗೂದಿಲ್ಲ" ಅನ್ನುತ್ತಿತ್ತು. ರಾಣಿಯ ಪಾತ್ರ ಬೇರೆಯವರ ಪಾಲಾಗುತ್ತಿತ್ತು.

ಈ ಸಲ ಅವಳು ಟೊಪ್ಪಿಗೆ ಹಾಕಿಕೊಂಡು ಕೂತಾಗ, ಪಾತ್ರ ಅವಳಿಗೇ ಸಿಗಲೆಂದು ನಾನು ಪರದೆಯ ಹಿಂದೆ ನಿಂತು ಅವಳ ದನಿಯಲ್ಲೇ ಕೂಗಿದೆ: "ನನ್ನಂಥಾ ರಾಣಿ ಮೂರು ಲೋಕದಾಗಿಲ್ಲ!"

ನಿರ್ದೇಶಕ ಬಸಣ್ಣ ಪರದೆ ಸರಿಸಿದರು. "ಏನ್ ಮಂಗ್ಯಾನಾಟಲೇ ಇದು!"

ನೀಲಾಂಬಿಕಾ ನಾಚಿ ಟೊಪ್ಪಿಗೆಯನ್ನು ಕಿವಿಯವರೆಗೆ ಎಳೆದುಕೊಂಡಳು. ಟೊಪ್ಪಿಗೆ ಬಾಯಿಬಿಟ್ಟಿತು: "ಇಂವಾ ಏನ್ ನನ್ನ ದನಿ ತಗೀತಾನ? ಇವನಕಿಂತ ನಾನೇ ಭೇಷ್ ಹೇಳ್ತೇನಿ!"

"ಆತವ್ವಾ, ರಾಣಿ ನೀನೇ!" ಎಂದರು ಬಸಣ್ಣ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.