ಬೇರಿನೊಳಗಿನ ಗುರುತು

ದಂತ ಕಾಲೇಜಿನಲ್ಲಿ ಓದುವಾಗ ಅವಳು ಮೊಟ್ಟಮೊದಲು ರೂಟ್ ಕೆನಾಲ್ ಮಾಡಿದ್ದು ಅಪ್ಪನಿಗೆ. ದವಡೆ ಹಲ್ಲಿನ ಬೇರು ಕೊಕ್ಕೆಯಂತೆ ಬಾಗಿತ್ತು. ಸೂಜಿಯ ತುದಿ ಒಳಗೇ ಮುರಿದುಹೋಯಿತು. ಅವಳು ಅತ್ತುಬಿಟ್ಟಳು.

"ಇರ್ಲಿ ಬಿಡವಾ, ನಿನ್ನ ಗುರುತು ನನ್ನ ಬಾಯಾಗ ಇರ್ಲಿ," ಎಂದು ಅಪ್ಪ ನಕ್ಕಿದ್ದ.

ಅವನು ಮನೆ ಬಿಟ್ಟುಹೋಗಿ ನಾಲ್ಕು ವರ್ಷವಾಯಿತು. ಈಗಲೂ ಬಸ್ ನಿಲ್ದಾಣದಲ್ಲಿ ಮುದುಕರು ಕಂಡರೆ ಅವಳು ಹತ್ತಿರ ಹೋಗಿ ಮುಖ ನೋಡುತ್ತಾಳೆ.

ಹಲ್ಲಿನ ಬೇರುಗಳ ಒಳದಾರಿಯೇ ಈಗ ಅವಳ ಸಂಶೋಧನೆ. ಇಂದು ಸ್ಕ್ಯಾನಿಗೆ ಹೊಸದೊಂದು ಡಬ್ಬಿ ಹಲ್ಲು ಬಂದಿತ್ತು.

"ಎಲ್ಲಿಂದ ಬಂದ್ವು ಇವು?"

"ಅನಾಟಮಿಯಿಂದ್ರಿ. ವಾರಸುದಾರರು ಬರದ ಹೆಣದವು," ಎಂದ ಟೆಕ್ನಿಷಿಯನ್ ಗುರುಪಾದಪ್ಪ, ಪರದೆಯನ್ನು ಅವಳತ್ತ ತಿರುಗಿಸಿದ. "ಮೇಡಂ, ಈ ಕೊಕ್ಕಿ ಬೇರಿನ್ಯಾಗ ಯಾರೋ ಸೂಜಿ ಮುರದಾರ. ನಮ್ಮ ಕೆಲಸಕ್ಕ ಬರಂಗಿಲ್ಲ, ಒಗೀಲೇನ್ರಿ?"