ಮುಂದಿನ ಸಾಲಿನ ಆಸನ

ವಿಮಾನಗಳು ಪ್ರಯಾಣಿಕರ ಭಯದ ಬಲದಿಂದಲೇ ಹಾರುವುದರಿಂದ, ಹೆಚ್ಚು ಅಂಜುವವರಿಗೆ ಮುಂದಿನ ಸಾಲಿನ ಮೆತ್ತನೆಯ ಆಸನ ಕೊಡುವುದು ವಾಡಿಕೆ. ಅಂಜಿಕೆ ಆರಿದವರನ್ನು ಹಿಂದಿನ ಇಕ್ಕಟ್ಟಿನ ಸಾಲಿಗೆ ಕಳಿಸುವುದೂ ಅಷ್ಟೇ ವಾಡಿಕೆ. ಹುಬ್ಬಳ್ಳಿಯ ನೀಲಗಂಗವ್ವನಿಗೆ ಇದು ಮೊದಲ ಹಾರಾಟ. ಟೊರಾಂಟೊಗೆ ಹೊರಟಿದ್ದ ಅವಳ ನಾಡಿ ಹಿಡಿದ ಕೌಂಟರಿನ ಗುಮಾಸ್ತ, "ಏಳು ಮಂದಿ ಅಂಜಿಕಿ ನಿಮ್ಮೊಬ್ಬರಿಗೇ ಐತ್ರಿ" ಎಂದು ನಕ್ಕು ಅವಳನ್ನು ಮುಂದೆ ಕೂರಿಸಿದ್ದ.

ಕಾಲು ಚಾಚಿದೊಡನೆ ಮಂಡಿನೋವು ಇಳಿಯಿತು. ಬೆನ್ನಿಗೆ ದಿಂಬು, ಮೈಗೆ ಹೊದಿಕೆ, ಕೈಗೆ ಬಿಸಿ ಹಾಲು ಬಂದವು. ಅವಳಿಗೆ ಕಣ್ಣು ಎಳೆಯತೊಡಗಿತು. ಅಷ್ಟರಲ್ಲಿ ವಿಮಾನ ಧಡಕ್ಕನೆ ಕೆಳಗೆ ಕುಸಿಯಿತು.

"ಮುಂದ ಯಾರೋ ಆರಾಮಾಗಿ ಮಲಗ್ಯಾರ, ಎಬ್ಬಸ್ರಿ!" ಎಂದು ಹಿಂದಿನಿಂದ ಒಬ್ಬರು ಸಿಡುಕಿದರು.

ಗಗನಸಖಿ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಳು. "ಅಂಜಿಕಿ ಹೋತೇನ್ರಿ, ಅವ್ವಾರ?"

"ಹಿಂದ ಕಳಸಬ್ಯಾಡ ಯವ್ವಾ, ಮೊಣಕಾಲು ತಡಿಯೂದಿಲ್ಲ."

"ಕಳಸೂದಿಲ್ರಿ. ಟೊರಾಂಟೊದಾಗ ನಿಮ್ಮವರು ಯಾರದಾರ?"

"ನನ್ನ ತಂಗಿ. ಹೃದಯದ ಆಪರೇಶನ್ ಆಗೇತಿ. ಈಗ ಚಲೋ ಅದಾಳಂತ."

"ಯಾರು ಹೇಳಿದ್ರು?"

"ಆಕಿ ಗಂಡ."

ಗಗನಸಖಿ ಹೊದಿಕೆಯನ್ನು ಅವಳ ಪಾದದವರೆಗೆ ಎಳೆದು ಸರಿಪಡಿಸಿ, ಮೆಲ್ಲಗೆ ಕೇಳಿದಳು: "ಆಪರೇಶನ್ ಆದಮ್ಯಾಲ ಆಕಿ ದನಿ ನೀವು ಕೇಳೀರೇನ್ರಿ?"

ನೀಲಗಂಗವ್ವ ಹೊದಿಕೆ ಸರಿಸಿ ದಿಗ್ಗನೆ ಎದ್ದು ಕುಳಿತಳು.

ವಿಮಾನ ನೆಟ್ಟಗೆ ಮೇಲೇರಿತು. ಹಿಂದಿನ ಸಾಲುಗಳವರೆಲ್ಲ ನಿಶ್ಚಿಂತೆಯಿಂದ ನಿದ್ದೆ ಹೋದರು.