ರಿಮೋಟಿನ ಮೈಲಿಗೆ

ರಾಜ್ಯಭಾರಕ್ಕಿಂತ ಗಹನವಾದ ಪ್ರಶ್ನೆಯೊಂದು ಲೋಕದಲ್ಲಿದೆ: ಸಂಜೆ ಧಾರಾವಾಹಿಯ ಹೊತ್ತಿಗೆ ಟಿ.ವಿ. ರಿಮೋಟ್ ಯಾರ ಕೈಯಲ್ಲಿರಬೇಕು?

ಒಂದೇ ಕೋಣೆಯ ಆ ಶೀಟಿನ ಮನೆಯಲ್ಲಿ ಅದು ಅಜ್ಜಿಯ ಕೈಯಲ್ಲಿರುತ್ತಿತ್ತು. ಮುಟ್ಟಾದ ಮೊಮ್ಮಗಳು ಮೂರು ದಿನ ಬಾಗಿಲಾಚೆ ಗೋಣಿಚೀಲದ ಮೇಲೆ ಕೂರಬೇಕೆಂಬ ಕಾನೂನೂ ಅಜ್ಜಿಯದೇ. ಮುಟ್ಟು ಮೈಲಿಗೆಯಲ್ಲವೆಂದು ತಿಳಿಹೇಳಲು ಬಂದ ಆಶಾ ಕಾರ್ಯಕರ್ತೆಯನ್ನು ಆಕೆ, ಮೊಮ್ಮಗಳು ಹೊರಗೆ ಕೂತ ಮೊದಲ ದಿನ ಮಧ್ಯಾಹ್ನವಷ್ಟೇ, "ನಿಮ್ಮವ್ವಂಗೆ ಹೇಳೋಗು" ಎಂದು ಅಟ್ಟಿದ್ದಳು.

ಅಂದು ಸಂಜೆ ಅಜ್ಜಿ ಹೊಸಿಲ ಬಳಿ ಇಟ್ಟು ಮರೆತಿದ್ದ ರಿಮೋಟನ್ನು ಮೊಮ್ಮಗಳು ಆಚೆಯಿಂದಲೇ ಕೈಚಾಚಿ ಎತ್ತಿಕೊಂಡು ಕಬಡ್ಡಿ ಹಾಕಿದಳು.

"ಕೊಡೇ ಇಲ್ಲಿ, ನನ್ ಧಾರಾವಾಹಿ!"

"ನಾನು ಹೊರಗಾಗಿವ್ನಿ ಕಣಜ್ಜಿ. ನನ್ ಕೈ ತಾಗಿದ್ದನ್ನ ನೀನು ಹಿಡಿಯಂಗಿಲ್ಲ."

"ತೊಳ್ದು ಕೊಡೇ, ಮೂದೇವಿ!"

"ನೀರು ಬಿದ್ರೆ ಕೆಟ್ಟೋಯ್ತದೆ."

"ಇವತ್ತು ಆ ಸೊಸೆ ಅತ್ತೆಗೆ ವಿಷ ಇಕ್ತಾಳೆ ಕಣೇ!"

"ಇಕ್ಕಲಿ ಬಿಡು. ಮೂರು ದಿನ ಆದ್ಮೇಲೆ ತಿಥಿ ನೋಡೀವಂತೆ."

ಅಜ್ಜಿ ಕಬಡ್ಡಿಯನ್ನು ನೋಡಿದಳು, ಗೋಡೆ ಗಡಿಯಾರವನ್ನು ನೋಡಿದಳು.

"ಆ ಆಶಾ ಹುಡುಗಿ ಓದಿದೋಳು ಕಣೇ," ಎಂದಳು. "ಸುಳ್ಯಾಕೆ ಹೇಳ್ತಾಳೆ? ಬಾ ಒಳಕ್ಕೆ."

ಅಂದಿನಿಂದ ಆ ಮನೆಯಲ್ಲಿ ಯಾರೂ ಬಾಗಿಲಾಚೆ ಕೂರಲಿಲ್ಲ.